ಕತಾಲ್ದೊ, ಮರ್ಫಿ, ರೊಸ್ಸಿ: ಡಬ್ಲಿನ್ನಿಂದ ಅಪ್ಪನಿಗೆ

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ.

ತಾಯಿ ಐರಿಷ್, ತಂದೆ ಇಟಾಲಿಯನ್ ಆದರೆ ಮಗುವಿನ ಹೆಸರು ಹೇಗೆ ಎಂದು ಕೇಳಿದ್ದಿರಿ. ಐರಿಷ್ ಮನೆತನದ ಹೆಸರು ತಲೆಯಲ್ಲಿ ಬದಲಾಗುತ್ತದೆ, ಇಟಾಲಿಯನ್ನರ ಹೆಸರಿನ ಗುಟ್ಟು ಬಾಲದಲ್ಲಿದೆ.

ಐರಿಷಿನಲ್ಲಿ 'ಓ' ಎಂದರೆ ಮೊಮ್ಮಗ, ಆ ವಂಶದವನು. 'ಮ್ಯಾಕ್' ಎಂದರೆ ಮಗ. ಗಂಡಸು 'ಓ ಮುರಖೂ' ಆದರೆ ಮಗಳು 'ನೀ ವುರಖೂ', ಹೆಂಡತಿ 'ಈ ವುರಖೂ'. ಮಕಾರ ವಕಾರವಾದದ್ದು ನೋಡಿದಿರಾ? ನೀವು ಹೇಳಿಕೊಡುತ್ತಿದ್ದ ಆದೇಶಸಂಧಿಯ ಹಾಗೆಯೇ: ಮೆಲ್ ಮಾತು ಮೆಲ್ವಾತು! ಇಂಗ್ಲಿಷಿನಲ್ಲಿ ಎಲ್ಲರೂ ಮರ್ಫಿ. ಮಗಳು, ಸೊಸೆ ಎಂಬ ಗುರುತೇ ಉಳಿದಿಲ್ಲ.

ಇಟಲಿಯ ಹೆಸರುಗಳ ಕೊನೆಯ ಇಕಾರ ಸಾಮಾನ್ಯವಾಗಿ ಬಹುವಚನ. ರೊಸ್ಸಿ ಎಂದರೆ ಕೆಂಪುಕೂದಲಿನವರು, ಫೆರ್ರಾರಿ ಎಂದರೆ ಕಮ್ಮಾರರು. ಐರಿಷ್ ಮ್ಯಾಕ್‌ಗವನ್ ಕಮ್ಮಾರನ ಮಗ. ನಮ್ಮ ಧಾರವಾಡದ ಕಡೆಯ ಕಮ್ಮಾರ ಅಡ್ಡಹೆಸರಿನವರೂ ಸೇರಿ ಎಲ್ಲರೂ ಕುಲುಮೆಯವರೇ.

ಎರಡು ಬೇರು ಒಂದೇ ಹೆಸರಲ್ಲಿ ಬೆಸೆದದ್ದಕ್ಕೆ ನನಗೆ ಬಲು ಇಷ್ಟವಾದದ್ದು ಕತಾಲ್ದೊ. ಐರ್ಲೆಂಡಿನ ಸನ್ಯಾಸಿಯೊಬ್ಬರು ದಕ್ಷಿಣ ಇಟಲಿಯ ತಾರಾಂತೊದಲ್ಲಿ ಬಿಷಪ್ ಆದರು. ಐರಿಷ್ 'ಕಹಲ್' ಅಲ್ಲಿಯವರ ಬಾಯಲ್ಲಿ ಕತಾಲ್ದೊ ಆಯಿತು. ಇಂದಿಗೂ ಅವರೇ ಆ ಊರಿನ ಪಾಲಕ ಸಂತ, ಮೇ 10ರಂದು ಹಬ್ಬ.

ರೇಡಿಯೊದ ಗುಲ್ಯೆಲ್ಮೊ ಮಾರ್ಕೋನಿಯ ತಾಯಿ ಆ್ಯನಿ ಜೇಮ್ಸನ್ ಐರಿಷ್ ಮಹಿಳೆ, ಆದರೆ ಮಗನ ಹೆಸರಲ್ಲಿ ಅವರ ಸುಳಿವೇ ಇಲ್ಲ. ಇಟಲಿಯಲ್ಲಿ ತಂದೆಯ ಅಡ್ಡಹೆಸರೇ ತಾನಾಗಿ ಬರುತ್ತಿತ್ತು. 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಈಗ ಇಬ್ಬರ ಹೆಸರೂ, ತಂದೆತಾಯಿ ಒಪ್ಪಿದ ಕ್ರಮದಲ್ಲಿ, ಬೇಕಾದರೆ ಒಪ್ಪಿಕೊಂಡು ಒಂದನ್ನೇ ಇಡಬಹುದು. ಇದು ಆಗಲೇಬೇಕಿದ್ದ ನ್ಯಾಯ.

ಆದರೆ ಕ್ರಮವನ್ನು ಯೋಚಿಸಿಯೇ ಆರಿಸಬೇಕು. ಅಲ್ಲಿ ಪ್ರತಿಯೊಬ್ಬರಿಗೂ ಕೊಡುವ, ಅಕ್ಷರ ಅಂಕಿ ಸೇರಿ 16 ಇರುವ ತೆರಿಗೆ ಸಂಕೇತಕ್ಕೆ ಅಡ್ಡಹೆಸರಿನ ಮೊದಲ ಮೂರು ವ್ಯಂಜನಗಳೇ ಬುಡ. 'ಓಬ್ರಿಯನ್ ರೊಸ್ಸಿ' ಬರೆಸಿದರೆ ಬಿ, ಆರ್, ಎನ್. ತಿರುಗಿಸಿದರೆ ಆರ್, ಎಸ್, ಎಸ್. ಇಂಗ್ಲಿಷಿನಲ್ಲಿ ಓಬ್ರಿಯನ್ (O'Brien) ಬರೆಯುವಾಗ 'ಓ' ಆದ ಮೇಲೆ ಬರುವ ಮೇಲ್ಕೊಮ್ಮೆ, ಅಂದರೆ ಅಪಾಸ್ಟ್ರಫಿ, ಇದರಲ್ಲಿ ಲೆಕ್ಕಕ್ಕಿಲ್ಲ. ಇಟಲಿಯ 'ದಾಂಜೆಲೊ'ದಲ್ಲಿ (D'Angelo) ಅದು ಲೋಪವಾದ ಸ್ವರದ ಗುರುತು. ಐರಿಷಿನಲ್ಲಿ ಏನೂ ಲೋಪವಾಗಿಲ್ಲ, 'ಓ' ಮೇಲಿನ ದೀರ್ಘದ ಗೀಟು ಇಂಗ್ಲಿಷ್ ಬರಹದಲ್ಲಿ ಹಾಗಾಯಿತು. ಒಂದು ಕಾಗದದಲ್ಲಿ ಈ ಮೇಲ್ಕೊಮ್ಮೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೆಸರು ತಾಳೆಯಾಗದು. ಜನನ ಪತ್ರದಲ್ಲಿ ಇದ್ದಂತೆಯೇ ಎಲ್ಲೆಡೆ ಬರೆಸಬೇಕು.

ಇನ್ನು ಮಗುವಿಗೆ ಇಡುವ ಹೆಸರು. ಆಂದ್ರೆಯಾ ಎಂಬ ಹೆಸರು ಇಟಲಿಯಲ್ಲಿ ಹೆಚ್ಚಾಗಿ ಗಂಡುಮಕ್ಕಳದು, ಐರ್ಲೆಂಡಿನಲ್ಲಿ ಹೆಣ್ಣುಮಕ್ಕಳದು. ನೋರಾ ಆದರೆ ಎರಡೂ ಕಡೆ ಸಲ್ಲುತ್ತದೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು