ಮುಂಗಡ ಕೊಡುವ ಮೊದಲು ಸಾಲದ ವರದಿ ನೋಡಿ

ಮಾನ್ಯ ಸಂಪಾದಕರೇ,

ಗೃಹಸಾಲದ ಬಡ್ಡಿದರ ಏರಿದರೂ ಇಳಿದರೂ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ. ಆ ದರದಲ್ಲಿ ಒಬ್ಬ ವ್ಯಕ್ತಿಗೆ ಸಾಲ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವಲ್ಲಿ ದೊಡ್ಡ ಪಾತ್ರ ವಹಿಸುವ ಸಾಲದ ವರದಿಯ, ಅಂದರೆ ನಾವು ಪಡೆದ ಸಾಲಗಳನ್ನು ಹೇಗೆ ತೀರಿಸಿದ್ದೇವೆ ಎಂಬ ದಾಖಲೆಯ ಬಗ್ಗೆ ಮಾತ್ರ ಅಷ್ಟು ಮಾತು ಕೇಳಿಬರುವುದಿಲ್ಲ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಅರ್ಜಿಗಳನ್ನು ಪರಿಶೀಲಿಸಿ ನಿವೃತ್ತನಾದವನು ನಾನು. ಮನೆ ನೋಡಿ, ಒಪ್ಪಿ, ಕರಾರು ಬರೆಸಿ, ಮುಂಗಡ ಕೊಟ್ಟು, ಕೊನೆಗೆ ಬ್ಯಾಂಕಿಗೆ ಬರುವ ಕ್ರಮವನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಈ ಕ್ರಮ ತಿರುಗಬೇಕು. ವರದಿ ಮೊದಲು, ಮನೆ ಆಮೇಲೆ.

ಒಂದು ಪ್ರಸಂಗ ಈಗಲೂ ನನ್ನ ಮನಸ್ಸಿನಲ್ಲಿದೆ. ದುಡಿಯುವ ದಂಪತಿ, ಇಬ್ಬರಿಗೂ ನಿಯಮಿತ ಸಂಬಳ, ಕಾಗದಪತ್ರಗಳೆಲ್ಲ ಕ್ರಮಬದ್ಧ. ಪತಿಯ ವರದಿಯಲ್ಲಿ ಹಳೆಯದೊಂದು ಕ್ರೆಡಿಟ್ ಕಾರ್ಡ್ ಖಾತೆಯ ಮುಂದೆ ‘ಸೆಟಲ್ಡ್’ ಎಂಬ ಒಂದೇ ಪದವಿತ್ತು. ಕೆಲಸ ಕಳೆದುಕೊಂಡಿದ್ದ ಕಾಲದಲ್ಲಿ ಬಾಕಿ ಬೆಳೆದಿತ್ತು, ವಸೂಲಿಗೆ ಬಂದವರು ಅರ್ಧ ಕಟ್ಟಿದರೆ ಸಾಕು ಎಂದಿದ್ದರು, ಅವರು ಕಟ್ಟಿದ್ದರು. “ಅದು ಮುಗಿದ ಲೆಕ್ಕ ಸಾರ್, ಪತ್ರವೂ ಇದೆ” ಎಂದು ಆ ಪತ್ರವನ್ನು ಜೋಪಾನವಾಗಿ ತೆಗೆದು ತೋರಿಸಿದರು. ಪತ್ರ ನಿಜವೇ ಆಗಿತ್ತು. ಆದರೆ ಉಳಿದರ್ಧ ಹಣವನ್ನು ಕಾರ್ಡ್ ಕೊಟ್ಟವರು ನಷ್ಟವೆಂದು ಬರೆದುಕೊಂಡಿದ್ದಾರೆ, ಅದು ವರದಿಯಲ್ಲಿ ವರ್ಷಗಟ್ಟಲೆ ಕಾಣುತ್ತದೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕ್ರಯದ ಕರಾರಿನ ಅವಧಿ ಮುಗಿಯಲು ಮೂರು ವಾರವಷ್ಟೇ ಉಳಿದಿತ್ತು. ಅವರು ಆರು ತಿಂಗಳು ಮೊದಲೇ ಬಂದಿದ್ದರೆ ದಾರಿಯಿತ್ತು.

ಆ ದಾರಿ ಕಷ್ಟದ್ದಾದರೂ ಗೊಂದಲದ್ದಲ್ಲ. ಬಿಟ್ಟುಕೊಟ್ಟ ಬಾಕಿ ಎಷ್ಟೆಂದು ಸಾಲ ಕೊಟ್ಟ ಸಂಸ್ಥೆಯಿಂದ ಬರಹದಲ್ಲಿ ಪಡೆದು, ಅದನ್ನು ಕಟ್ಟಿ, ಯಾವುದೇ ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಂಡು, ಖಾತೆಯನ್ನು ‘ಕ್ಲೋಸ್ಡ್’ ಎಂದು ವರದಿ ಮಾಡುವಂತೆ ಲಿಖಿತವಾಗಿ ಕೇಳಬೇಕು. ಇದಕ್ಕೆ ಹಣ ಬೇಕು, ಅದಕ್ಕಿಂತ ಹೆಚ್ಚಾಗಿ ಸಮಯ ಬೇಕು. ‘ಸೆಟಲ್ಡ್’ ಮತ್ತು ‘ಕ್ಲೋಸ್ಡ್’ ಸಾಮಾನ್ಯ ಓದುಗನಿಗೆ ಒಂದೇ ಅರ್ಥದ ಪದಗಳಂತೆ ಕಂಡರೂ ಸಾಲ ಮಂಜೂರು ಮಾಡುವವನ ಕಣ್ಣಿಗೆ ಮೊದಲನೆಯದು ಸುಸ್ತಿಯ ಗುರುತು, ಎರಡನೆಯದು ತೀರಿದ ಋಣದ ಗುರುತು.

ವರದಿಯಲ್ಲಿರುವುದು ನಮ್ಮ ತಪ್ಪಲ್ಲದೆ ಬರೆದವರ ತಪ್ಪೇ ಆಗಿರುವ ಸಂದರ್ಭಗಳೂ ಉಂಟು. ತೀರಿಸಿದ ಸಾಲ ಬಾಕಿಯೆಂದು ಉಳಿದಿರುವುದು, ಒಂದೇ ಹೆಸರಿನ ಬೇರೊಬ್ಬರ ಸಾಲ ನಮ್ಮ ಲೆಕ್ಕಕ್ಕೆ ಸೇರಿರುವುದು, ಇಂಥವನ್ನು ನಾನು ಕಂಡಿದ್ದೇನೆ. ನಮ್ಮ ದೇಶದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು 2005ರ ಕಾಯ್ದೆಯಡಿ ಈ ವರದಿಗಳನ್ನು ಇಡುತ್ತವೆ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದಾದ್ದರಿಂದ ನಾಲ್ಕನ್ನೂ ನೋಡುವುದು ಒಳಿತು. ನಮ್ಮ ವರದಿಯನ್ನು ನಾವೇ ನೋಡಿದರೆ, ಸಾಲ ತೀರಿಸುವ ನಮ್ಮ ಶಿಸ್ತನ್ನು ಅಳೆಯುವ ಅಂಕ (ಸ್ಕೋರ್) ಇಳಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ತಪ್ಪು ಕಂಡುಬಂದರೆ ದೂರು ಸಲ್ಲಿಸಲು ಶುಲ್ಕವಿಲ್ಲ. ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. 2024ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಸಾಲ ಕೊಟ್ಟ ಸಂಸ್ಥೆ 21 ದಿನಗಳೊಳಗೆ ಸರಿಯಾದ ಮಾಹಿತಿ ಕಳುಹಿಸದಿದ್ದರೆ ಪರಿಹಾರದ ಹೊಣೆ ಅದರದ್ದು, ಅದು ಕಳುಹಿಸಿಯೂ ವರದಿ ತಿದ್ದುಪಡಿಯಾಗದಿದ್ದರೆ ವರದಿ ಇಡುವ ಸಂಸ್ಥೆಯದ್ದು. ವರದಿ ಇಡುವ ಸಂಸ್ಥೆಗಳ ವಿರುದ್ಧದ ದೂರನ್ನು 2022ರ ಸೆಪ್ಟೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬಳಿಗೂ ಒಯ್ಯಬಹುದು. ಇದೆಲ್ಲ ಗ್ರಾಹಕನಿಗೆ ಸಿಕ್ಕಿರುವ ಒಳ್ಳೆಯ ಬಲ. ಆದರೆ ಮೂರೇ ವಾರ ಉಳಿದಿರುವ ಕರಾರುದಾರನಿಗೆ 30 ದಿನಗಳ ಗಡುವಿನಿಂದ ಪ್ರಯೋಜನವಾಗುವುದಿಲ್ಲ.

ಈ ಅವಸರವನ್ನೇ ಬಂಡವಾಳ ಮಾಡಿಕೊಂಡು, ಹಣ ಕೊಟ್ಟರೆ ಸ್ಕೋರ್ ಏರಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳು ಬರುತ್ತಾರೆ. ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಸಿಬಿಲ್‌ನಂತಹ ಸಂಸ್ಥೆಯೇ ವರದಿಯ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ಹಾಗಿರುವಾಗ ಮಧ್ಯವರ್ತಿ ಏನು ಬದಲಿಸಿಯಾನು? ಅವರು ಮಾಡುವುದು ನಾವೇ ಖರ್ಚಿಲ್ಲದೆ ಹಾಕಬಹುದಾದ ಅರ್ಜಿಯನ್ನು ಮಾತ್ರ. ಅದಕ್ಕಾಗಿ ಪ್ಯಾನ್, ಆಧಾರ್ ಮತ್ತು ಒಟಿಪಿಗಳನ್ನು ಅಪರಿಚಿತರ ಕೈಗೆ ಕೊಡುವುದು ಅಪಾಯಕಾರಿ.

ನಿಜವಾಗಿಯೂ ತಪ್ಪಿದ ಕಂತುಗಳನ್ನು ಅಳಿಸಲು ಯಾವ ಅರ್ಜಿಯಿಂದಲೂ ಆಗದು. ಅವುಗಳ ಮೇಲೆ ಒಳ್ಳೆಯ ತಿಂಗಳುಗಳನ್ನು ಪೇರಿಸುವುದೊಂದೇ ಉಪಾಯ. ಸಿಬಿಲ್ ವರದಿ ಪ್ರತಿ ಖಾತೆಯ 36 ತಿಂಗಳವರೆಗಿನ ಪಾವತಿಯನ್ನು ತಿಂಗಳುವಾರು ತೋರಿಸುತ್ತದೆ. ತೀರಾ ಈಚಿನ ತಿಂಗಳುಗಳು ಶುಭ್ರವಾಗಿದ್ದರೆ ಪರಿಶೀಲಿಸುವ ಅಧಿಕಾರಿಯ ನೋಟವೂ ಬದಲಾಗುತ್ತದೆ ಎಂದು ನಾನು ಅನುಭವದಿಂದ ಹೇಳಬಲ್ಲೆ. ಕಾರ್ಡಿನ ಮಿತಿಯಲ್ಲಿ ಶೇ 30ಕ್ಕಿಂತ ಹೆಚ್ಚು ಬಳಸದಿರುವುದು, ಹಳೆಯ ಕಾರ್ಡನ್ನು ಆತುರದಿಂದ ಮುಚ್ಚದಿರುವುದು, ಒಂದು ಕಡೆ ತಿರಸ್ಕೃತವಾಯಿತೆಂದು ಅದೇ ವಾರ ನಾಲ್ಕು ಕಡೆ ಅರ್ಜಿ ಹಾಕದಿರುವುದು ಈ ಅವಧಿಯಲ್ಲಿ ಮುಖ್ಯ. ಬೇರೆಯವರಿಗೆ ಹಾಕಿದ ಜಾಮೀನೂ ನಮ್ಮ ವರದಿಯಲ್ಲಿ ಕಾಣುತ್ತದೆ, ಜಂಟಿ ಅರ್ಜಿಯಾದರೆ ಇಬ್ಬರ ವರದಿಯನ್ನೂ ನೋಡುತ್ತಾರೆ.

ಇಷ್ಟು ಕಾಯುವುದು ಏಕೆಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 30 ಲಕ್ಷ ರೂಪಾಯಿ ಸಾಲಕ್ಕೆ 20 ವರ್ಷದ ಅವಧಿಯಲ್ಲಿ ಶೇ 8.5ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 26,035 ರೂಪಾಯಿ, ಶೇ 9.5 ಆದರೆ ಸುಮಾರು 27,964. ದರ ಹಾಗೆಯೇ ಇದ್ದರೆ ಒಟ್ಟು ವ್ಯತ್ಯಾಸ 4.6 ಲಕ್ಷ ದಾಟುತ್ತದೆ. ಕಡಿಮೆ ಸ್ಕೋರಿನವರಿಗೆ ಹೆಚ್ಚು ಬಡ್ಡಿ ವಿಧಿಸುವ ಬ್ಯಾಂಕುಗಳಿರುವಾಗ, ಒಂದು ವರ್ಷದ ತಾಳ್ಮೆಯನ್ನು ನಷ್ಟವೆನ್ನಲಾಗದು.

ಹೊಣೆಯೆಲ್ಲ ಗ್ರಾಹಕನದ್ದೇ ಎಂದು ನಾನು ಹೇಳುತ್ತಿಲ್ಲ. ಕಷ್ಟದಲ್ಲಿರುವವನ ಮುಂದೆ ರಾಜಿಯ ಮೊತ್ತವಿಡುವ ಸಂಸ್ಥೆಗೆ ಅದರ ಪರಿಣಾಮ ಚೆನ್ನಾಗಿ ಗೊತ್ತಿರುತ್ತದೆ, ಸಹಿ ಹಾಕುವವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ರಾಜಿ ಪತ್ರದ ಮೊದಲ ಪುಟದಲ್ಲಿಯೇ, ಉಳಿದ ಬಾಕಿ ಎಷ್ಟು, ಖಾತೆ ಯಾವ ಪದದಿಂದ ವರದಿಯಾಗಲಿದೆ, ಮುಂದೆ ಪೂರ್ಣ ಹಣ ಕಟ್ಟಿದರೆ ಅದನ್ನು ಎಷ್ಟು ದಿನದಲ್ಲಿ ಬದಲಿಸಲಾಗುವುದು ಎಂಬ ಮೂರು ಸಂಗತಿಗಳನ್ನು ಕನ್ನಡದಲ್ಲಿ ಮುದ್ರಿಸಿ, ಓದಿ ಹೇಳಿದ ಮೇಲೆಯೇ ಸಹಿ ಪಡೆಯುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯಗೊಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ,
ನಿವೃತ್ತ ಬ್ಯಾಂಕ್ ಅಧಿಕಾರಿ