ಕನ್ನಡಕ ಹಾಕಿದ ಫೋಟೋ

ಪ್ರೀತಿಯ ಪುಟ್ಟಿ,

ದೀಪಾವಳಿಗೆ ಬಂದಾಗ ಹಿಂಜ್ ಅನ್ನುವ ಡೇಟಿಂಗ್ ಆ್ಯಪ್ ತೆಗೆದು ನನಗೂ ತೋರಿಸಿದೆಯಲ್ಲ, ತುಂಬಾ ಖುಷಿಯಾಯಿತು. ಆರು ಫೋಟೋ, ಮೂರು ಪುಟ್ಟ ಉತ್ತರ. ಅಷ್ಟರಲ್ಲೇ ತಾನು ಯಾರು ಅಂತ ಹೇಳಿಕೊಳ್ಳಬೇಕು. ಹುಡುಗರೆಲ್ಲ ಬುಲೆಟ್ ಮೇಲೆ, ಬೆಟ್ಟದ ತುದಿಯಲ್ಲಿ, ಯಾರದ್ದೋ ನಾಯಿಮರಿ ಎತ್ತಿಕೊಂಡು.

1992ರಲ್ಲಿ ಜಾತಕದ ಜೊತೆ ಬಂದ ನಿಮ್ಮಪ್ಪನ ಫೋಟೋದಲ್ಲಿ ಅವರು ಕೋಟು ಹಾಕಿದ್ದರು. ನನ್ನ ಫೋಟೋದಲ್ಲೂ ಮೊಡವೆ ಇರಲಿಲ್ಲ. ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಚ್ಚಿದ್ದರು. ಹೆಣ್ಣು ನೋಡಲು ಬಂದ ದಿನ ಅವರ ಮೈಮೇಲೆ ಕೋಟಿಲ್ಲ, ಶರ್ಟಿನ ಜೇಬಿನಲ್ಲಿ ಇಂಕು ಸೋರಿದ ಕಲೆ. ಉಪ್ಪಿಟ್ಟು ತಿನ್ನುತ್ತಾ, "ಆ ಕೋಟು ಸ್ಟುಡಿಯೋದವರದ್ದು" ಅಂತ ತಾವಾಗೇ ಹೇಳಿದರು. ನಾನು ಒಪ್ಪಿದ್ದು ಆ ಒಂದು ಮಾತಿಗೆ.

ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಓದಿದೆ. ಆನ್‌ಲೈನ್ ಡೇಟಿಂಗ್ ಮಾಡುವ 80 ಜನರ ಎತ್ತರ ಅಳೆದು, ತೂಕ ನೋಡಿ, ಲೈಸೆನ್ಸ್‌ನಲ್ಲಿ ವಯಸ್ಸು ತಾಳೆ ಹಾಕಿದರಂತೆ. ನೂರಕ್ಕೆ 81 ಮಂದಿ ಯಾವುದಾದರೂ ಒಂದರಲ್ಲಿ ಸುಳ್ಳು ಬರೆದಿದ್ದರು. ಹೆಚ್ಚಿನವು ಸಣ್ಣ ಸುಳ್ಳುಗಳು. ಮುಂದೆ ಎದುರಾಬದುರು ಕೂರಬೇಕಲ್ವಾ.

ಅಂಥದ್ದಕ್ಕೆ ನನಗೆ ಭಯವಿಲ್ಲ. ವಾರಗಟ್ಟಲೆ ಸಿಹಿ ಮಾತಾಡಿ, ವಿಡಿಯೋ ಕಾಲ್ ಅಂದರೆ ಕ್ಯಾಮೆರಾ ಕೆಟ್ಟಿದೆ ಅನ್ನುವವರನ್ನು ಕಂಡರೆ ಭಯ. ದುಡ್ಡಿನ ಮಾತು ಬಂದ ತಕ್ಷಣ ನಿಲ್ಲಿಸಿಬಿಡು. ಅಕಸ್ಮಾತ್ ದುಡ್ಡು ಹೋದರೂ ನಾಚಿಕೊಳ್ಳಬೇಡ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಆಮೇಲೆ ನನಗೆ. ನಾನು ಬಯ್ಯುವುದಿಲ್ಲ.

ಇನ್ನೊಂದು. ಆ ಮೈಸೂರಿನ ಹುಡುಗ ಇಷ್ಟವಾಗಲಿಲ್ಲ, ಉತ್ತರ ಕೊಡದೆ ಸುಮ್ನೆ ಬಿಟ್ಟೆ ಅಂದೆ. ಹಾಗೆ ಮಾಡಬೇಡ ಪುಟ್ಟಿ. ಒಂದೇ ಸಾಲು ಸಾಕು, ಬರೆದುಬಿಡು. ಹಿಂದೆ ನಿಮ್ಮ ದೊಡ್ಡಮ್ಮನನ್ನು ನೋಡಿ ಹೋದವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅವಳು ಮೂರು ತಿಂಗಳು ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಜಗಲಿ ಗುಡಿಸುತ್ತಿದ್ದಳು. ಗುಡಿಸಿದ ಜಗಲಿಯನ್ನೇ ಮತ್ತೆ ಗುಡಿಸುತ್ತಿದ್ದಳು. ಅದನ್ನು ಕಣ್ಣಾರೆ ನೋಡಿದವಳು ನಾನು.

ನಿನ್ನ ಆರು ಫೋಟೋದಲ್ಲಿ ಒಂದರಲ್ಲೂ ಕನ್ನಡಕ ಇಲ್ಲ. ಐದನೇ ಕ್ಲಾಸಿನಿಂದ ಹಾಕುತ್ತಿದ್ದೀಯಲ್ಲ! ಹಿತ್ತಲಲ್ಲಿ ಹಲಸಿನ ಹಣ್ಣು ಬಿಡಿಸುವಾಗ ಕೈತುಂಬ ಎಣ್ಣೆ, ಕನ್ನಡಕ ಮೂಗಿನ ತುದಿಗೆ ಜಾರಿ, ನೀನು ಬಾಯ್ತುಂಬ ನಗುತ್ತಿರುವ ಫೋಟೋ ನನ್ನ ಫೋನಲ್ಲಿದೆ. ವಾಟ್ಸ್ಆ್ಯಪ್‌ಗೆ ಕಳಿಸಿದ್ದೇನೆ. ಅದನ್ನು ಹಾಕು.

ಶನಿವಾರ ಯಾರನ್ನೋ ಕಾಫಿಗೆ ಭೇಟಿಯಾಗುತ್ತೀನಿ ಅಂದೆಯಲ್ಲ, ಹೋಟೆಲ್ ಹೆಸರು ಕಳಿಸಿರು.

ನಿನ್ನ ಅಮ್ಮ