ಲ್ಯಾಬ್ ಪ್ಲೇಟು ಕಸದ ಗಾಡಿಗೆ ಬೇಡ

ಸಂಪಾದಕರಿಗೆ,

ಮಾನ್ಯರೇ,

ಇಪ್ಪತ್ತಾರು ವರ್ಷ ಇಲ್ಲಿನ ಕಾಲೇಜೊಂದರ ಲ್ಯಾಬ್‌ನಲ್ಲಿ ತಂತ್ರಜ್ಞನಾಗಿದ್ದೆ. ನಿವೃತ್ತಿಗೆ ಮುಂಚಿನ ಒಂದು ಬೆಳಗು ಇನ್ನೂ ಕಣ್ಮುಂದಿದೆ. ಗೇಟಿನ ಹತ್ತಿರ ಪೌರಕಾರ್ಮಿಕ ಮಹಿಳೆಯೊಬ್ಬರು ಕಪ್ಪು ಚೀಲ ಬಿಚ್ಚಿ ಪೆಟ್ರಿ ಪ್ಲೇಟು, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಚಪ್ಪಟೆ ಡಬ್ಬಿ, ಆರಿಸುತ್ತಿದ್ದರು. ಬರಿಗೈ. ಮುಚ್ಚಳದ ಒಳಗೆ ನೀರಿನ ಹನಿ, ಅಗರ್ ಎಂಬ ಜೆಲ್ಲಿಯ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು, ಅವೇ ಬ್ಯಾಕ್ಟೀರಿಯಾ. “ಅಕ್ಕಾ, ಮುಟ್ಟಬ್ಯಾಡ್ರಿ” ಅಂದೆ. “ಡಬ್ಬಿ ಚಲೋ ಅದಾವ್ರಿ ಸರ, ಮೊಮ್ಮಗಳಿಗೆ ಆಟಕ್ಕ ಆಗ್ತಾವು” ಅಂದರು. ಸೋಪು ತಂದು ಅವರ ಕೈ ತೊಳೆಸಿದೆ. ಚೀಲ ಒಳಗೆ ಒಯ್ದು ಪ್ಲೇಟುಗಳನ್ನು ಬ್ಲೀಚ್ ನೀರಲ್ಲಿ ಮುಳುಗಿಸಿದೆ.

ಅವು ಹಿಂದಿನ ವಾರದ ಪ್ರಾಕ್ಟಿಕಲ್‌ನ ಪ್ಲೇಟುಗಳು. ಜೆಲ್ಲಿ ಫಿಶ್‌ನ ಹೊಳೆಯುವ ಜೀನ್ ಅನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸುವ ಪ್ರಯೋಗ. ಯುವಿ ದೀಪದ ಕೆಳಗೆ ಹಸಿರಾಗಿ ಮಿನುಗುತ್ತದೆ. ಆಗ ಮಕ್ಕಳ ಮುಖ ನೋಡಬೇಕು! ಇದು ನಿಲ್ಲಲಿ ಅಂತ ನಾನು ಖಂಡಿತ ಹೇಳುವುದಿಲ್ಲ. ಜೀನ್ ಬದಲಿಸಿದ ಇ. ಕೋಲಿಯಿಂದ ತಯಾರಾದ ಇನ್ಸುಲಿನ್ 1982ರಿಂದಲೇ ಮಾರುಕಟ್ಟೆಯಲ್ಲಿದೆ.

ಇಂಥ ಪ್ರಯೋಗಕ್ಕೆ ಬಳಸುವ ಇ. ಕೋಲಿಯ ಕೆ-12 ತಳಿ ಬಡಪಾಯಿ. ನಮ್ಮ ಕರುಳಿನಲ್ಲಿ ನೆಲೆ ನಿಲ್ಲುವ ಶಕ್ತಿ ಅದಕ್ಕಿಲ್ಲ. ನನ್ನ ಚಿಂತೆ ಅದರೊಳಗೆ ಜೀನ್ ಹೊತ್ತೊಯ್ಯುವ ಸಣ್ಣ ಡಿಎನ್ಎ ಉಂಗುರವಾದ ಪ್ಲಾಸ್ಮಿಡ್‌ದು. ಹೊಳೆಯುವ ಜೀನ್ ಜೊತೆಗೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಆ್ಯಂಪಿಸಿಲಿನ್‌ಗೆ ಜಗ್ಗದ ಜೀನ್ ಕೂಡ ಅದರಲ್ಲಿರುತ್ತದೆ. ಔಷಧಿ ಬೆರೆಸಿದ ಅಗರ್ ಮೇಲೆ ಬದುಕಿ ಉಳಿದದ್ದೇ ನಮಗೆ ಬೇಕಾದ ಬ್ಯಾಕ್ಟೀರಿಯಾ ಅಂತ ಗುರುತಿಸುವುದು ಹೀಗೆಯೇ. ಆ ಬ್ಯಾಕ್ಟೀರಿಯಾ ಸತ್ತರೂ ಪ್ಲಾಸ್ಮಿಡ್ ಸ್ವಲ್ಪ ಕಾಲ ಉಳಿಯಬಹುದು, ಬೇರೆ ಬ್ಯಾಕ್ಟೀರಿಯಾ ಅದನ್ನು ಎತ್ತಿಕೊಳ್ಳಬಹುದು. ನಮ್ಮ ಬೆಳಗಾವಿಯ ಕೊಳಚೆ ಹರಿಯುವ ಬಳ್ಳಾರಿ ನಾಲಾ ಹೊಲಗಳ ನಡುವೆಯೇ ಹೋಗುತ್ತದೆ, ಅಲ್ವಾ? ಸಾಧ್ಯತೆ ಕಡಿಮೆಯೇ ಇರಲಿ. ಔಷಧಿಗೆ ಜಗ್ಗದ ರೋಗಾಣುಗಳ ಕಾಟ ಈಗಾಗಲೇ ಜಾಸ್ತಿ ಇದೆ. ಅದಕ್ಕೆ ನಮ್ಮ ಲ್ಯಾಬಿನದೂ ಯಾಕೆ ಸೇರಬೇಕು?

ತಡೆಯಲು ಬೇಕಾದ್ದು ಒಂದು ಆಟೊಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ದೊಡ್ಡ ಕುಕ್ಕರ್. 121 ಡಿಗ್ರಿ, 15 ಪೌಂಡ್ ಒತ್ತಡ, ಅರ್ಧ ಗಂಟೆ. ತಪ್ಪಾಗುವುದು ಸಣ್ಣ ವಿಷಯಗಳಲ್ಲಿ. ಚೀಲ ಒತ್ತಿ ತುಂಬಿ ಬಾಯಿ ಬಿಗಿದರೆ ನಡುವಿನ ಪ್ಲೇಟಿಗೆ ಹಬೆ ತಲುಪುವುದಿಲ್ಲ. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ವಾಲ್ವ್ ಮುಚ್ಚಿದರೂ ಅಷ್ಟೇ. ಚೀಲಕ್ಕೆ ಅಂಟಿಸುವ ಪರೀಕ್ಷಾ ಟೇಪಿನ ಗೆರೆ ಕಪ್ಪಾಯಿತು ಅಂದರೆ ಬಿಸಿ ತಾಗಿದೆ ಅಂತ ಮಾತ್ರ ಅರ್ಥ. ಎಲ್ಲ ಸತ್ತಿದೆಯಾ ಅಂತ ತಿಳಿಯಲು ಆಗಾಗ ಸ್ಪೋರ್ ಸ್ಟ್ರಿಪ್, ಅಂದರೆ ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ ಬೀಜಕಗಳಿರುವ ಪಟ್ಟಿ, ಇಟ್ಟು ನೋಡಬೇಕು. ಇದನ್ನೆಲ್ಲ ಅಟೆಂಡರ್‌ಗೆ ಕೂರಿಸಿ ಹೇಳಿಕೊಡುವವರು ಯಾರು? ನಮ್ಮಲ್ಲಂತೂ ಆಟೊಕ್ಲೇವ್ ಮುಚ್ಚಳದ ಗ್ಯಾಸ್ಕೆಟ್ ಹೋಗಿತ್ತು, ಹೊಸದಕ್ಕೆ ಬಿಲ್ ಪಾಸಾಗಿರಲಿಲ್ಲ. ಪ್ರಾಕ್ಟಿಕಲ್ ಮಾತ್ರ ನಿಂತಿರಲಿಲ್ಲ.

ಕಾನೂನು ಇಲ್ಲದೇ ಇಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲೇ ನಿಯಮ ಬಂದಿದೆ. ಜೀನ್ ಬದಲಿಸುವ ಕೆಲಸ ಮಾಡುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಜಿಲ್ಲೆಗೂ ಒಂದು ಸಮಿತಿಯನ್ನು ನಿಯಮ ಹೇಳುತ್ತದೆ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಬೆಳಗಾವಿಯ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತು ಅಂತ ಮಾನ್ಯ ಜಿಲ್ಲಾಧಿಕಾರಿಗಳು ದಯವಿಟ್ಟು ತಿಳಿಸಲಿ.

ಪ್ರಾಂಶುಪಾಲರಲ್ಲಿ ಕೇಳುವುದು ಇನ್ನೂ ಚಿಕ್ಕದು. ಆಟೊಕ್ಲೇವ್ ಪಕ್ಕದ ಲಾಗ್ ಬುಕ್ ಈ ವಾರವೇ ತೆಗೆದು ನೋಡಿ. ನಮ್ಮಲ್ಲಿ ಆ ಬೆಳಿಗ್ಗೆ ಕೊನೆಯ ಸಹಿ ಏಳು ತಿಂಗಳು ಹಳೆಯದಾಗಿತ್ತು.

– ನಿವೃತ್ತ ಲ್ಯಾಬ್ ತಂತ್ರಜ್ಞ, ಬೆಳಗಾವಿ